ಗನ್ ಎಲ್ಲರ ಕೈಯಲ್ಲೂ ಇರುತ್ತದೆ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನಗೆ ಸ್ಕೌಟ್ ಕೆಲಸ, ಅಂದರೆ ವೃತ್ತಿಪರ ಬೇಸ್‌ಬಾಲ್ ತಂಡಕ್ಕೆ ಹೊಸ ಆಟಗಾರರನ್ನು ಹುಡುಕುವ ಕೆಲಸ, ಸಿಕ್ಕಿತು ಅಂತ ನಿನ್ನಮ್ಮ ಮೈಸೂರಿನಿಂದ ಫೋನ್ ಮಾಡಿ ಹೇಳಿದಳು. "ಬೇಸ್‌ಬಾಲ್ ನೋಡೋಕೂ ಸಂಬಳ ಕೊಡ್ತಾರಾ?" ಅಂತ ಕೇಳಿದಳು. ಕೊಡುತ್ತಾರೆ, ಜಾಸ್ತಿ ಏನಿಲ್ಲ ಅಂದೆ. ಅಮೆರಿಕಕ್ಕೆ ಬಂದ ಮೇಲೆ ನನ್ನ ವಾರಾಂತ್ಯಗಳೆಲ್ಲ ಕಾಲೇಜ್ ಮೈದಾನಗಳಲ್ಲೇ ಕಳೆದವು. ಮೊದಲು ಸುಮ್ನೆ ನೋಡುತ್ತಿದ್ದೆ, ಆಮೇಲೆ ಇಲ್ಲಿನ ಒಬ್ಬ ಸ್ಕೌಟ್‌ಗೆ ಹುಡುಗರ ಹೆಸರು ಕೊಡುತ್ತಾ ಬಂದೆ. ಆ ಸಲುಗೆಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕಾಲೇಜ್ ತಂಡದ ಮುಖ್ಯ ಪಿಚರ್ ಸಾಮಾನ್ಯವಾಗಿ ಶುಕ್ರವಾರ ಎಸೆಯುತ್ತಾನೆ. ಅವತ್ತು ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ ಸ್ಕೌಟ್‌ಗಳ ದಂಡೇ ಇರುತ್ತದೆ. ಹುಡುಗ ಎಸೆಯಲು ಕಾಲೆತ್ತಿದ ಕೂಡಲೇ ವೇಗ ಅಳೆಯುವ ರೇಡಾರ್ ಗನ್‌ಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಗಂಟೆಗೆ 95 ಮೈಲಿ, 96 ಮೈಲಿ ಅಂತ ಬರೆದುಕೊಳ್ಳುತ್ತಾರೆ. ಆ ಅಂಕಿಗಾಗಿ ನಿನ್ನನ್ನು ಕಳಿಸುತ್ತಿಲ್ಲ. ದೊಡ್ಡ ಕಾಲೇಜುಗಳಲ್ಲಿ ಟ್ರ್ಯಾಕ್‌ಮ್ಯಾನ್ ಯಂತ್ರ ಇದೆ. ವೇಗ ಎಷ್ಟು, ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು, ಎಷ್ಟು ಇಂಚು ಸರಿಯಿತು, ಎಲ್ಲವನ್ನೂ ಅದೇ ಅಳೆಯುತ್ತದೆ. ನಿನ್ನ ಕೆಲಸ ಶುರುವಾಗುವುದು ಅದಾದ ಮೇಲೆ.

ಬೇಗ ಹೋಗು. ಪಂದ್ಯಕ್ಕೆ ಮುಂಚೆ ಬುಲ್‌ಪೆನ್‌ನಲ್ಲಿ, ಅಂದರೆ ಪಿಚರ್‌ಗಳು ಎಸೆದು ಅಭ್ಯಾಸ ಮಾಡುವ ಜಾಗದಲ್ಲಿ, ಹುಡುಗ ಮೈ ಬಿಸಿ ಮಾಡಿಕೊಳ್ಳುವುದನ್ನು ನೋಡು. ಮೊದಲ ಎರಡು ಇನಿಂಗ್ಸ್ ಪ್ಲೇಟ್ ಹಿಂದೆ ಕೂತು, ಆಮೇಲೆ ಎದ್ದು ಪಕ್ಕಕ್ಕೆ ಹೋಗು. ಬಲಗೈ ಪಿಚರ್ ಆದರೆ ಮೂರನೇ ಬೇಸ್ ಕಡೆ, ಎಡಗೈಯವನಾದರೆ ಮೊದಲ ಬೇಸ್ ಕಡೆ. ಅಲ್ಲಿಂದ ಅವನ ಎದೆ, ಮೊಣಕೈ, ಮುಂದಿನ ಕಾಲು ಊರುವ ಜಾಗ ಚೆನ್ನಾಗಿ ಕಾಣುತ್ತವೆ. ಚೇಂಜಪ್, ಅಂದರೆ ವೇಗದ ಚೆಂಡಿನಂತೆ ತೋರಿಸಿ ನಿಧಾನವಾಗಿ ಬಿಡುವ ಚೆಂಡು, ಎಸೆಯುವಾಗ ಕೈ ನಿಧಾನ ಮಾಡುತ್ತಾನಾ ನೋಡು. ಕಾಲೇಜ್ ಬ್ಯಾಟರ್‌ಗಳು ಅದಕ್ಕೂ ಮೋಸ ಹೋಗಬಹುದು. ಎಲ್ಲಕ್ಕಿಂತ ಮೇಲಿನ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನವರು ಹೋಗುವುದಿಲ್ಲ.

ಆರನೇ ಇನಿಂಗ್ಸ್ ಹೊತ್ತಿಗೆ ಪಕ್ಕದವರು ಊಟದ ಮಾತು ಶುರು ಮಾಡಿರುತ್ತಾರೆ. ನೀನು ಆಗಲೇ ಕಣ್ಣು ಬಿಟ್ಟು ನೋಡಬೇಕಾದದ್ದು. ತೊಂಬತ್ತು ಎಸೆತ ಆಗಿವೆ, ಮೊದಲ ಬೇಸ್ ಮೇಲೆ ಒಬ್ಬ ನಿಂತಿದ್ದಾನೆ, ಅದೇ ಬ್ಯಾಟರ್‌ಗಳು ಮೂರನೇ ಸಲ ಬಂದಿದ್ದಾರೆ. ಅಲ್ಲಿಯವರೆಗೆ ಮೊಣಕಾಲ ಎತ್ತರಕ್ಕೆ ಬೀಳುತ್ತಿದ್ದ ಚೆಂಡು ಈಗ ಸೊಂಟಕ್ಕೆ ಏರುತ್ತದೆ. ಸ್ಲೈಡರ್, ಅಂದರೆ ಕೊನೆಯಲ್ಲಿ ಪಕ್ಕಕ್ಕೆ ತಿರುಗಬೇಕಾದ ಚೆಂಡು, ಚೂಪಾಗಿ ತಿರುಗದೆ ಸೋಮಾರಿಯಾಗಿ ಜಾರುತ್ತದೆ. ಕೈ ಚೆಂಡನ್ನು ಬಿಡುವ ಎತ್ತರ ಒಂದು ಗೇಣು ಕೆಳಗಿಳಿದಿರುತ್ತದೆ. ಸ್ಟಾಪ್‌ವಾಚ್ ತೆಗೆದು, ಅವನು ಅಲುಗಿದ ಕ್ಷಣದಿಂದ ಕ್ಯಾಚರ್ ಕೈಗೆ ಚೆಂಡು ಸೇರುವವರೆಗೆ ಅಳೆ. 1.3 ಸೆಕೆಂಡ್ ಆಸುಪಾಸು ಇದ್ದರೆ ಪರವಾಗಿಲ್ಲ. 1.6 ಆದರೆ ಮುಂದಿನ ಬೇಸ್ ಕದಿಯಲು ಓಡುವವರು ಹಬ್ಬ ಮಾಡುತ್ತಾರೆ. ಇನ್ನೊಂದು, ಅಂಪೈರ್ ಒಂದು ಸ್ಟ್ರೈಕ್ ಕೊಡದಿದ್ದಾಗ, ಶಾರ್ಟ್‌ಸ್ಟಾಪ್ ಜಾಗದಲ್ಲಿ ಫೀಲ್ಡಿಂಗ್ ಮಾಡುವ ಹುಡುಗ ಸುಲಭದ ಚೆಂಡು ಬಿಟ್ಟಾಗ ಇವನು ಏನು ಮಾಡುತ್ತಾನೆ? ಇದನ್ನು ಯಂತ್ರ ಬರೆಯುವುದಿಲ್ಲ, ನೀನೇ ಬರೆಯಬೇಕು.

ಆಟಗಾರನ ಒಂದೊಂದು ಕೌಶಲಕ್ಕೂ ಅಂಕ ಕೊಡುವ 20ರಿಂದ 80ರ ಅಳತೆ ನಿನಗೆ ಗೊತ್ತೇ ಇದೆ, 50 ಅಂದರೆ ಮೇಜರ್ ಲೀಗ್‌ನ ಸರಾಸರಿ. ಹೊಸಬರು ಯಾವ ಗೊಡವೆಯೂ ಬೇಡ ಅಂತ ಎಲ್ಲದಕ್ಕೂ 50, 50 ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅಂಥ ವರದಿ ಯಾರಿಗೂ ಬೇಕಿಲ್ಲ. ಇವತ್ತು 45, ಮುಂದೆ 60 ಆಗಬಹುದು ಅನಿಸಿದರೆ ಹಾಗೇ ಬರೆ, ಯಾಕೆ ಅಂತ ಒಂದು ಸಾಲು ಸೇರಿಸು. ಪಕ್ಕದವರ ಜೊತೆ ಹರಟೆಗೆ ಕೂರುವ ಮುಂಚೆಯೇ ಬರೆದುಬಿಡು. ಆ ಗುಂಪಿನಲ್ಲಿ ಹಿರಿಯರೊಬ್ಬರು ತಲೆಯಾಡಿಸಿದರೆ ಉಳಿದವರ ತಲೆಯೂ ಆಡುತ್ತದೆ.

ಪಿಚರ್ ಕುಮಾರ್ ರಾಕರ್‌ನನ್ನು ನೀನು ಬಲ್ಲೆ. ತಾಯಿಯ ಕಡೆಯಿಂದ ಭಾರತೀಯ ಮೂಲ. ಹಾಗಾಗಿ ನಮ್ಮವರಿಗೆ ಅವನ ಮೇಲೆ ಒಂದು ಕಣ್ಣು ಇದ್ದೇ ಇತ್ತು, ಅಲ್ವಾ? 2019ರಲ್ಲಿ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಮೊದಲ ವರ್ಷದಲ್ಲೇ ಡ್ಯೂಕ್ ಯೂನಿವರ್ಸಿಟಿ ವಿರುದ್ಧ ಒಂದೂ ಹಿಟ್ ಕೊಡದೆ 19 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮಾಡಿದ. 2021ರ ಡ್ರಾಫ್ಟ್‌ನಲ್ಲಿ, ಅಂದರೆ ಮೇಜರ್ ಲೀಗ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ, ಮೆಟ್ಸ್ ತಂಡ ಅವನನ್ನು ಹತ್ತನೆಯವನಾಗಿ ಆರಿಸಿತು, ವೈದ್ಯಕೀಯ ಪರೀಕ್ಷೆ ಆದ ಮೇಲೆ ಒಪ್ಪಂದ ಮಾಡಿಕೊಳ್ಳಲಿಲ್ಲ. ಮರುವರ್ಷ ರೇಂಜರ್ಸ್ ತಂಡ ಅವನನ್ನೇ ಮೂರನೆಯವನಾಗಿ ತೆಗೆದುಕೊಂಡಿತು! 2023ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ (ಹರಿದ ಅಸ್ಥಿರಜ್ಜು ಸರಿಪಡಿಸುವುದು) ಆಯಿತು, 2024ರಲ್ಲಿ ಮೇಜರ್ ಲೀಗ್‌ಗೆ ಬಂದ. ಅದೇ ಕೈ ನೋಡಿ ಒಬ್ಬರು ಹಿಂದೆ ಸರಿದರು, ಇನ್ನೊಬ್ಬರು ಕೈ ಚಾಚಿದರು. ಭುಜ, ಮೊಣಕೈಯ ತೀರ್ಪು ಡಾಕ್ಟರ್‌ಗೆ ಬಿಡು. ಆದರೆ ಮಾರ್ಚ್‌ನಲ್ಲಿ 96 ಇದ್ದದ್ದು ಮೇ ತಿಂಗಳಲ್ಲಿ 92 ಆಗಿದ್ದರೆ ಅದು ನಿನ್ನ ಪುಸ್ತಕದಲ್ಲಿ ಇರಲೇಬೇಕು. ಅದಕ್ಕೇ ಒಂದೇ ಪಂದ್ಯ ನೋಡಿ ಮುಗಿಸಬೇಡ ಅನ್ನುವುದು.

ಪಿಚರ್ ತಾರಿಕ್ ಸ್ಕೂಬಲ್ ಸಿಯಾಟಲ್ ಯೂನಿವರ್ಸಿಟಿಯಲ್ಲಿದ್ದಾಗಲೇ ಅದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನು. 2018ರ ಡ್ರಾಫ್ಟ್‌ನ ಒಂಬತ್ತನೇ ಸುತ್ತಿಗೆ ಟೈಗರ್ಸ್ ತಂಡಕ್ಕೆ ಸಿಕ್ಕ, 2024ರಲ್ಲಿ ತನ್ನ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ಹಾಗಂತ ಕಂಡಕಂಡವರಲ್ಲೆಲ್ಲ ಸ್ಕೂಬಲ್‌ನನ್ನು ಹುಡುಕಬೇಡ. ಒಂಬತ್ತನೇ ಸುತ್ತಿನ ಹೆಚ್ಚಿನ ಹುಡುಗರು ಮೇಜರ್ ಲೀಗ್ ಮುಟ್ಟುವುದೇ ಇಲ್ಲ.

ಕೊನೆಗೆ ದುಡ್ಡಿನ ಮಾತು. ಡ್ರಾಫ್ಟ್ ಜುಲೈನಲ್ಲಿ, ಈಗ 20 ಸುತ್ತು ಮಾತ್ರ. ಮೂರನೇ ವರ್ಷದ ಹುಡುಗನಿಗೆ ಕಾಲೇಜಿಗೆ ವಾಪಸ್ ಹೋಗುವ ದಾರಿ ಇದೆ, ಹಾಗಾಗಿ ಕಡಿಮೆ ಕೊಟ್ಟರೆ ಬೇಡ ಅನ್ನಬಲ್ಲ. ಎಷ್ಟಕ್ಕೆ ಸಹಿ ಹಾಕುತ್ತೀಯ ಅಂತ ಮೊದಲೇ ಕೇಳಿ ತಿಳಿದುಕೊ, ಸಂಕೋಚ ಬೇಡ. ಅಪ್ಪ ಅಮ್ಮ ಜೊತೆಗಿದ್ದರೆ ಅವರನ್ನೂ ಮಾತಾಡಿಸು. ಹುಡುಗ ಹೇಳುವ ಮೊತ್ತವೇ ಬೇರೆ, ಮನೆಯವರ ಮನಸ್ಸಿನಲ್ಲಿ ಇರುವುದೇ ಬೇರೆ.

ನಮ್ಮ ಕಡೆ ಪಂದ್ಯ ಇದ್ದರೆ ಹೋಟೆಲ್ ಹುಡುಕಬೇಡ, ಮನೆಗೇ ಬಾ. ನಿನ್ನ ವರದಿ ಆಫೀಸಿನದು, ನನಗೆ ತೋರಿಸಬೇಡ. ಹುಡುಗನ ಹೆಸರು ಹೇಳದಿದ್ದರೂ ಸರಿ, ಸ್ಲೈಡರ್ ಹೇಗಿತ್ತು ಅಂತ ಮಾತ್ರ ಊಟಕ್ಕೆ ಕೂತಾಗ ಹೇಳಲೇಬೇಕು.

ಇತಿ,
ನಿನ್ನ ಮಾವ