ಅಂಗನವಾಡಿ ಮಕ್ಕಳ ಆಟಕ್ಕೆ ಆ್ಯಪ್: ಯಾರ ಕೈಗೆ ಕೊಡಬೇಕು?

ಮಾನ್ಯ ಸಂಪಾದಕರೇ,

ಇನ್ನೂ ಒಂದನೇ ತರಗತಿ ಮೆಟ್ಟಿಲು ಹತ್ತದ ಮಕ್ಕಳಿಗೆ ಓಟ, ಜಿಗಿತ, ಎಸೆತ, ಸಮತೋಲನಗಳನ್ನು ಕಲಿಸಿಕೊಡುವುದಾಗಿ ಹೇಳುವ ಮೊಬೈಲ್ ಆ್ಯಪ್‌ಗಳ ಜಾಹೀರಾತು ಈಚೆಗೆ ತಂದೆ–ತಾಯಂದಿರ ಫೋನುಗಳಲ್ಲಿ ಮೇಲಿಂದ ಮೇಲೆ ಕಾಣಿಸುತ್ತಿದೆ. ಇನ್ನೊಂದೆಡೆ, ಕೇಂದ್ರ ಸರ್ಕಾರದ ಸಕ್ಷಮ ಅಂಗನವಾಡಿ ಯೋಜನೆಯಡಿ ದೇಶದ ಎರಡು ಲಕ್ಷ ಅಂಗನವಾಡಿಗಳನ್ನು ಮೇಲ್ದರ್ಜೆಗೇರಿಸುವ ಗುರಿ ಇದ್ದು, ಅಲ್ಲಿಗೆ ಒದಗಿಸಬೇಕಾದ ಸೌಕರ್ಯಗಳಲ್ಲಿ ನೀರು ಶುದ್ಧೀಕರಣ ಯಂತ್ರದ ಜೊತೆಗೆ ಎಲ್‌ಇಡಿ ಪರದೆಯೂ ಇಂಟರ್‌ನೆಟ್ ಸಂಪರ್ಕವೂ ಸೇರಿವೆ. ಪರದೆ ಬಂದ ಮೇಲೆ ಅದರಲ್ಲಿ ಏನನ್ನಾದರೂ ತೋರಿಸಲೇಬೇಕಾಗುತ್ತದೆ. ಏನನ್ನು, ಯಾರಿಗೆ ಎಂಬುದು ತೀರ್ಮಾನವಾಗುವ ಮೊದಲು, ಸರ್ಕಾರಿ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು ಎಂಬ ನೆಲೆಯಲ್ಲಿ ನನ್ನ ಅಭಿಪ್ರಾಯವನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಲು ಇಚ್ಛಿಸುತ್ತೇನೆ.

ನಾನು ಆ್ಯಪ್‌ಗಳ ವಿರೋಧಿಯಲ್ಲ. ಆದರೆ ಈ ಆ್ಯಪ್‌ಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಮಗುವಿನ ಎದುರಿಗೆ ಹಾಡು–ಕುಣಿತದ ವಿಡಿಯೊ ಇಟ್ಟು, ನೋಡಿಕೊಂಡು ಹಾಗೆಯೇ ಮಾಡು ಎನ್ನುತ್ತವೆ. ಕೆಲವು ಫೋನಿನ ಕ್ಯಾಮೆರಾದಿಂದ ಮಗುವಿನ ಕೈಕಾಲುಗಳ ಚಲನೆಯನ್ನು ಗುರುತಿಸಿ ಅಂಕ ಕೊಡುತ್ತವೆ. ಮೂರನೆಯ ಬಗೆಯವು ಮಗುವಿನೊಂದಿಗೆ ಮಾತಾಡುವುದೇ ಇಲ್ಲ. ಮಗುವಿಗೆ ಹೇಗೆ ಕಲಿಸಬೇಕೆಂದು ದೊಡ್ಡವರಿಗೆ ತೋರಿಸುತ್ತವೆ. ನನ್ನ ಒಲವು ಇರುವುದು ಈ ಮೂರನೆಯ ಬಗೆಯ ಕಡೆಗೆ ಮಾತ್ರ.

ಇದಕ್ಕೆ ಆಧಾರವೂ ಇದೆ. ಅಮೆರಿಕದ ಲೂಯಿಸಿಯಾನಾ ರಾಜ್ಯದ ಪೆನಿಂಗ್ಟನ್ ಸಂಶೋಧನಾ ಕೇಂದ್ರದವರು ಮೂರರಿಂದ ಐದು ವರ್ಷದ 72 ಮಕ್ಕಳ ಮೇಲೆ 12 ವಾರಗಳ ಪ್ರಯೋಗವೊಂದನ್ನು ನಡೆಸಿ, ಅದರ ಫಲಿತಾಂಶವನ್ನು 2022ರಲ್ಲಿ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಗುಂಪಿನ ಪೋಷಕರಿಗೆ ಎಸೆಯುವುದು, ಹಿಡಿಯುವುದು, ಜಿಗಿಯುವುದು ಮುಂತಾದವನ್ನು ಹಂತಹಂತವಾಗಿ ಕಲಿಸುವ ವಿಧಾನ ತೋರಿಸುವ ಆ್ಯಪ್ ಕೊಟ್ಟರೆ, ಇನ್ನೊಂದು ಗುಂಪಿನವರಿಗೆ ಮಕ್ಕಳನ್ನು ಸ್ವತಂತ್ರವಾಗಿ ಆಡಲು ಬಿಡುವಂತೆ ಪ್ರೋತ್ಸಾಹಿಸುವ ಆ್ಯಪ್ ಕೊಟ್ಟಿದ್ದರು. ಚಲನ ಕೌಶಲಗಳು ಹೆಚ್ಚು ಸುಧಾರಿಸಿದ್ದು ಮೊದಲ ಗುಂಪಿನ ಮಕ್ಕಳಲ್ಲಿ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮಕ್ಕಳನ್ನು ಬಯಲಿಗೆ ಬಿಟ್ಟರೆ ಸಾಕು, ಎಲ್ಲವನ್ನೂ ತಾವೇ ಕಲಿಯುತ್ತವೆ ಎಂಬ ನಮ್ಮ ನಂಬಿಕೆ ಪೂರ್ತಿ ನಿಜವಲ್ಲ. ಜೊತೆಗೆ, ಆ್ಯಪ್ ನೋಡಿದವರು ದೊಡ್ಡವರು, ಮೈ ಬಗ್ಗಿಸಿ ಆಡಿದ್ದು ಮಕ್ಕಳು. 72 ಮಕ್ಕಳ ಸಣ್ಣ ಪ್ರಯೋಗವೊಂದರಿಂದ ಇಡೀ ದೇಶಕ್ಕೆ ನೀತಿ ರೂಪಿಸಲಾಗದು ಎಂಬುದನ್ನು ಒಪ್ಪುತ್ತೇನೆ. ಆದರೂ ಯಾವ ದಾರಿಯಲ್ಲಿ ಹುಡುಕಬೇಕೆಂಬ ಸೂಚನೆ ಅದರಲ್ಲಿದೆ.

ದೊಡ್ಡವರು ಏಕೆ ಬೇಕು ಎಂಬುದು ಮಗು ಚೆಂಡು ಎಸೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಾಗುತ್ತದೆ. ಬಲಗೈಯಲ್ಲಿ ಚೆಂಡು ಹಿಡಿದ ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ಕಾಲನ್ನೇ ಎತ್ತುವುದಿಲ್ಲ, ಎತ್ತಿದರೂ ಬಲಗಾಲನ್ನೇ ಮುಂದಿಡುತ್ತದೆ. ಸೊಂಟ ತಿರುಗುವುದಿಲ್ಲ, ಮೊಣಕೈಯಿಂದ ತಳ್ಳಿದ ಚೆಂಡು ಎರಡು ಮಾರು ದೂರದಲ್ಲಿ ಬೀಳುತ್ತದೆ. ಆಗ ನೆಲದ ಮೇಲೆ ಸೀಮೆಸುಣ್ಣದಿಂದ ಎಡಪಾದದ ಗುರುತು ಬರೆದು, ಇಲ್ಲಿ ಹೆಜ್ಜೆ ಇಟ್ಟು ಗೋಡೆಗೆ ಜೋರಾಗಿ ಹೊಡಿ ಎಂದರೆ ಸಾಕು, ಸೊಂಟ ತಾನಾಗಿ ತಿರುಗಲಾರಂಭಿಸುತ್ತದೆ. ಗುರಿ ಇಟ್ಟು ಹೊಡಿ ಎಂದು ಮಾತ್ರ ಮೊದಲೇ ಹೇಳಬಾರದು, ಏಕೆಂದರೆ ಗುರಿಯ ಮಾತು ಬಂದೊಡನೆ ಮಗು ಮೈ ಬಿಗಿ ಹಿಡಿದು ಮೆಲ್ಲಗೆ ತಳ್ಳುವುದಕ್ಕೆ ಮರಳುತ್ತದೆ. ಚೆಂಡು ಹಿಡಿಯುವಾಗ ಮುಖ ತಿರುಗಿಸಿ ಕಣ್ಣು ಮುಚ್ಚುವುದು ಹೆದರಿಕೆಯಿಂದಲೇ ಹೊರತು ದಡ್ಡತನದಿಂದಲ್ಲ. ಅಂಥ ಮಗುವಿಗೆ ಮೊದಲು ಬಲೂನು, ಆಮೇಲೆ ಹಳೆಯ ಬಟ್ಟೆ ಸುತ್ತಿ ಹೊಲಿದ ಚೆಂಡು, ಕೊನೆಗೆ ರಬ್ಬರ್ ಚೆಂಡು ಕೊಡಬೇಕು. ಇಂಥ ಸಣ್ಣಪುಟ್ಟ ಉಪಾಯಗಳನ್ನು ಒಂದೊಂದು ನಿಮಿಷದ ವಿಡಿಯೊದಲ್ಲಿ ಕಾರ್ಯಕರ್ತೆಗೋ ತಾಯಿಗೋ ತೋರಿಸಿದರೆ ಸುಲಭವಾಗಿ ಮನದಟ್ಟಾಗುತ್ತದೆ. ಮುದ್ರಿತ ಕೈಪಿಡಿಯಲ್ಲಿ ಇದನ್ನೇ ಎರಡು ಪುಟ ಬರೆದರೂ ಹೆಜ್ಜೆ ಮತ್ತು ಕೈಯ ಹೊಂದಾಣಿಕೆ ಅರ್ಥವಾಗುವುದು ಕಷ್ಟ. ಆ್ಯಪ್‌ನ ನಿಜವಾದ ಪ್ರಯೋಜನ ಇರುವುದು ಇಲ್ಲಿಯೇ.

ಮಗುವನ್ನೇ ಪರದೆಯ ಎದುರು ನಿಲ್ಲಿಸುವ ಆ್ಯಪ್‌ಗಳಲ್ಲಿ ಆಗುವುದು ಬೇರೆ. ಕುಣಿತದ ವಿಡಿಯೊ ನೋಡುವ ಮಗು ಪರದೆಯಿಂದ ಕಣ್ಣು ಕೀಳಲಾಗದೆ ಒಂದೇ ದಿಕ್ಕಿಗೆ ಮುಖ ಮಾಡಿ, ನಿಂತಲ್ಲೇ ಕೈ ಬೀಸುತ್ತದೆ. ಕ್ಯಾಮೆರಾ ಬಳಸುವ ಆ್ಯಪ್ ಆದರಂತೂ ಮಗು ಚೌಕಟ್ಟಿನೊಳಗೇ ಇರಬೇಕು, ಆಚೆ ಹೋದರೆ ಯಂತ್ರಕ್ಕೆ ಕಾಣಿಸುವುದಿಲ್ಲ. ಓಡಿದ ತಕ್ಷಣ ಅಂಕ ಹೋಗುವ ಆಟದಿಂದ ಓಟವನ್ನು ಕಲಿಸುವ ಬಗೆ ನನಗೆ ತಿಳಿಯದು. ಬೆರಳಿನಿಂದ ಗಾಜಿನ ಮೇಲೆ ಅಕ್ಷರ ತಿದ್ದಿಸುವ ಆ್ಯಪ್‌ಗಳ ಬಗ್ಗೆಯೂ ನನಗೆ ಅಷ್ಟೇ ಅನುಮಾನವಿದೆ; ಬಳಪ ಹಿಡಿದು ಸ್ಲೇಟಿನ ಮೇಲೆ ಒತ್ತಿ ಗೀಚುವಾಗ ಬೆರಳುಗಳಿಗೆ ಸಿಗುವ ಕೆಲಸ ನುಣುಪಾದ ಗಾಜಿನ ಮೇಲೆ ಸಿಗದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಮೂರು–ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಗೆ ಕೆಲಸ ಕೊಡುವ ಚಟುವಟಿಕೆಯಲ್ಲಿರಬೇಕು, ಅದರಲ್ಲಿ ಕನಿಷ್ಠ 60 ನಿಮಿಷ ಉಸಿರು ಜೋರಾಗುವಂಥದ್ದಾಗಿರಬೇಕು. ಕುಳಿತು ಪರದೆ ನೋಡುವ ಅವಧಿ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ವೈದ್ಯರ ಸಂಘಟನೆಯೂ ಎರಡರಿಂದ ಐದು ವರ್ಷದವರಿಗೆ ಒಂದು ಗಂಟೆಯ ಮಿತಿಯನ್ನೇ ಹೇಳಿದೆ, ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡವೆಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಇರುವುದು ಕುಳಿತು ನೋಡುವ ಪರದೆಗೆ ಮಾತ್ರ, ಕುಣಿಯುತ್ತ ನೋಡಿದರೆ ಲೆಕ್ಕಕ್ಕಿಲ್ಲ ಎಂದು ಆ್ಯಪ್ ಮಾರುವವರು ವಾದಿಸಬಹುದು. ಅಕ್ಷರಶಃ ಅದು ಸರಿಯೇ. ಆದರೆ ಹತ್ತು ನಿಮಿಷದ ಕುಣಿತ ಮುಗಿದ ಮೇಲೆ ಫೋನನ್ನು ಮಗುವಿನ ಕೈಯಿಂದ ಬಿಡಿಸಿಕೊಳ್ಳುವುದು ಎಂಥ ರಂಪಕ್ಕೆ ಎಡೆ ಮಾಡುತ್ತದೆ ಎಂಬುದನ್ನು ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ.

ಇನ್ನು, ನಮ್ಮ ಆಟಗಳಿರುವಾಗ ಇದೆಲ್ಲ ಏಕೆ ಎನ್ನುವವರಿಗೂ ಒಂದು ಮಾತು. ಮಕ್ಕಳ ಚಲನ ಕೌಶಲ ಅಳೆಯಲು ಹಲವು ದೇಶಗಳ ಸಂಶೋಧಕರು ಬಳಸುವ ಟಿಜಿಎಂಡಿ–3 ಎಂಬ ಪರೀಕ್ಷೆಯಲ್ಲಿ 13 ಕೌಶಲಗಳಿವೆ. ಆರು ಓಟ–ಜಿಗಿತಗಳಿಗೆ ಸೇರಿದವು, ಏಳು ಚೆಂಡಿಗೆ ಸೇರಿದವು. ಕೆರೆ–ದಡ ಆಟದಲ್ಲಿ ಎರಡೂ ಕಾಲು ಜೋಡಿಸಿ ಜಿಗಿಯುವುದಿದೆ, ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನ ಕುಪ್ಪಳಿಕೆ ಇದೆ, ಜೂಟಾಟದಲ್ಲಿ ಓಟವೂ ಪಕ್ಕಕ್ಕೆ ಜಾರುವುದೂ ಇದೆ, ಲಗೋರಿಯಲ್ಲಿ ಎಸೆತವಿದೆ. ಚಿನ್ನಿದಾಂಡಿನಲ್ಲಿ ಹೊಡೆತವಿದೆಯಾದರೂ ಅದನ್ನು ಈ ವಯಸ್ಸಿನವರ ಕೈಗೆ ಕೊಡುವುದು ಬೇಡ, ಚಿನ್ನಿ ಕಣ್ಣಿಗೆ ತಗುಲೀತು. ಆದರೆ ಚೆಂಡು ಹಿಡಿಯುವುದು, ಒದೆಯುವುದು, ನೆಲಕ್ಕೆ ಪುಟಿಸುತ್ತ ಹಿಡಿತದಲ್ಲಿಟ್ಟುಕೊಳ್ಳುವುದು ನಮ್ಮ ಹಳೆಯ ಆಟಗಳಲ್ಲಿ ಅಷ್ಟಾಗಿ ಇಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ನಮ್ಮ ಆಟಗಳಲ್ಲಿ ಬಹುಪಾಲು ಸೋತವರನ್ನು ಔಟ್ ಮಾಡಿ ಬದಿಗೆ ಕೂರಿಸುತ್ತವೆ. ಕೆರೆ–ದಡದಲ್ಲಿ ಮೊದಲು ಔಟಾಗುವ ಮಗುವೇ ಜಿಗಿತದ ಅಭ್ಯಾಸ ಹೆಚ್ಚು ಬೇಕಾದ ಮಗು, ಅದೇ ಆಟ ಮುಗಿಯುವವರೆಗೂ ಕುಳಿತಿರುತ್ತದೆ. ಔಟ್ ಇಲ್ಲದ ಕೆರೆ–ದಡವನ್ನು ಆಡಿಸುವುದು ಹೇಗೆ, ಕುಂಟೆಬಿಲ್ಲೆಯ ಮನೆಗಳನ್ನು ಮೂರು ವರ್ಷದವರಿಗೆ ಎರಡು ಕಾಲಿನ ಜಿಗಿತಕ್ಕೂ ಐದು ವರ್ಷದವರಿಗೆ ಕುಂಟುವುದಕ್ಕೂ ಹೊಂದಿಸಿ ಬರೆಯುವುದು ಹೇಗೆ ಎಂದು ತೋರಿಸುವ ಆ್ಯಪ್ ಬಂದರೆ ನಾನೇ ಮುಂದೆ ನಿಂತು ಹತ್ತು ಜನರಿಗೆ ಹೇಳುತ್ತೇನೆ. ಮೊದಲೆಲ್ಲ ಬೀದಿಯ ದೊಡ್ಡ ಮಕ್ಕಳಿಂದ ಚಿಕ್ಕವರು ಈ ಆಟಗಳನ್ನು ಕಲಿಯುತ್ತಿದ್ದರು. ಈಗ ದೊಡ್ಡ ಮಕ್ಕಳು ಟ್ಯೂಷನ್‌ನಲ್ಲಿದ್ದಾರೆ.

ಕ್ಯಾಮೆರಾ ಆ್ಯಪ್‌ಗಳ ವಿಷಯದಲ್ಲಿ ಕಾನೂನಿನ ಪ್ರಶ್ನೆಯೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ಉಚಿತ ಆ್ಯಪ್ ಎಂದು ಇಳಿಸಿಕೊಳ್ಳುವ ಪೋಷಕರು ಮಗುವಿನ ವಿಡಿಯೊ ಫೋನಿನಲ್ಲೇ ಉಳಿಯುತ್ತದೆಯೋ ಬೇರೆಲ್ಲಿಗಾದರೂ ಹೋಗುತ್ತದೆಯೋ ಎಂಬುದನ್ನಾದರೂ ಓದಿ ನೋಡಬೇಕು.

ಸರ್ಕಾರ ಇಂಥದ್ದೊಂದನ್ನು ಅಂಗನವಾಡಿಗಳಿಗೆ ತರುವುದಾದರೆ ಅತಿ ಹೆಚ್ಚು ಎಚ್ಚರ ಬೇಕಾಗಿರುವುದು ಕಾರ್ಯಕರ್ತೆಯರ ವಿಷಯದಲ್ಲಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗಿನಿಂದ ಒಂದೊಂದಾಗಿ ಹೊಣೆಗಳು ಅವರ ಹೆಗಲೇರಿವೆ. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಹಾಜರಾತಿ, ತೂಕ, ಎತ್ತರ, ಆಹಾರ ವಿತರಣೆಗಳನ್ನು ದಾಖಲಿಸಬೇಕು. ಮನೆಗೆ ಕೊಡುವ ಪಡಿತರಕ್ಕೆ ಫಲಾನುಭವಿಯ ಮುಖ ಗುರುತಿಸುವ ಕೆಲಸವೂ ಈಗ ಸೇರಿದೆ. ನೆಟ್‌ವರ್ಕ್ ಸಿಗದೆ ಫೋನ್ ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುವ ಕಾರ್ಯಕರ್ತೆಯನ್ನು ನೋಡಿದ ಯಾರೂ ಅವರಿಗೆ ಇನ್ನೊಂದು ಆ್ಯಪ್‌ನ ಲಾಗಿನ್ ಕೊಡಲು ಮನಸ್ಸು ಮಾಡಲಾರರು. ಆದ್ದರಿಂದ ಆಟ ಕಲಿಸುವ ಆ್ಯಪ್‌ನಲ್ಲಿ ತುಂಬಬೇಕಾದ ಕಾಲಂ ಒಂದೂ ಇರಬಾರದು, ಫೋಟೊ ಅಪ್‌ಲೋಡ್ ಮಾಡುವ ಕಡ್ಡಾಯ ಇರಬಾರದು, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ವಿಡಿಯೊ ಓಡಬೇಕು. ಫೋಟೊ ಕೇಳಿದರೆ ಆಟ ನಡೆಯುವುದು ಫೋಟೊ ತೆಗೆಯುವಷ್ಟು ಹೊತ್ತು ಮಾತ್ರ. ಇದು ಇಲಾಖೆಗೂ ಗೊತ್ತಿರುವ ಸತ್ಯ.

ಹೊಸ ಪಠ್ಯಕ್ರಮವನ್ನೂ ಬರೆಯಬೇಕಾಗಿಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಮೂರರಿಂದ ಆರು ವರ್ಷದವರಿಗಾಗಿ 2024ರಲ್ಲಿ ಹೊರತಂದ ಆಧಾರಶಿಲಾ ಪಠ್ಯಕ್ರಮದಲ್ಲಿ 48 ವಾರಗಳ ಕ್ಯಾಲೆಂಡರ್ ಇದೆ, ಅದರಲ್ಲಿ 36 ವಾರ ಆಟ, ಮಾತುಕತೆ, ಸೃಜನೆಗೆ ಮೀಸಲು. ಕೌಶಲವೊಂದಕ್ಕೆ ಮೂರು ವಾರದಂತೆ ಹಂಚಿದರೂ ಆ ಅವಧಿಯಲ್ಲಿ ಹನ್ನೆರಡು ಕೌಶಲಗಳು ಮುಗಿಯುತ್ತವೆ. ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ ಚಿಲಿಪಿಲಿ ಎಂಬ ಶಾಲಾಪೂರ್ವ ಕಲಿಕೆಯ ಚಟುವಟಿಕೆಗಳು ಈಗಾಗಲೇ ಇವೆ. ಅವುಗಳ ಹಾಡುಗಳ ಜೊತೆಗೇ ಈ ವಿಡಿಯೊಗಳನ್ನು ಜೋಡಿಸಬಹುದು.

ಕಾರ್ಯಕರ್ತೆಯ ಕಣ್ಣು ಹೀಗೆ ಪಳಗಿದರೆ ಇನ್ನೊಂದು ಉಪಕಾರವೂ ಇದೆ. ನಾಲ್ಕು ತುಂಬಿದರೂ ಎರಡೂ ಕಾಲು ಎತ್ತಿ ಜಿಗಿಯಲಾಗದ, ಮೆಟ್ಟಿಲಿಗೆ ಒಂದೊಂದು ಕಾಲು ಹಾಕಿ ಹತ್ತಲಾಗದ, ಮತ್ತೆ ಮತ್ತೆ ಎಡವುವ ಮಗುವನ್ನು ಸೋಮಾರಿ ಎಂದು ಬಿಡದೆ, ಬೆಳವಣಿಗೆಯಲ್ಲಿ ತೊಡಕಿರಬಹುದೆಂದು ಗುರುತಿಸಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬರುವ ವ್ಯವಸ್ಥೆ ಇದೆಯಾದ್ದರಿಂದ, ತಂಡ ಬಂದ ದಿನ ಇಂಥ ಮಗುವಿನ ಹೆಸರು ಕಾರ್ಯಕರ್ತೆಯ ಬಾಯಲ್ಲಿದ್ದರೆ ಜಿಲ್ಲಾ ಮಟ್ಟದ ಚಿಕಿತ್ಸಾ ಕೇಂದ್ರಕ್ಕೆ ಬೇಗ ಕಳಿಸಬಹುದು.

ಜಾಗದ ಕೊರತೆಯನ್ನು ಮಾತ್ರ ಯಾವ ಆ್ಯಪ್ ಕೂಡ ತುಂಬಲಾರದು. ನಗರಗಳಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ನಡೆಯುವ ಅಂಗನವಾಡಿಗಳಿಗೆ ಪಕ್ಕದ ಪಾರ್ಕನ್ನೋ ಸರ್ಕಾರಿ ಶಾಲೆಯ ಮೈದಾನವನ್ನೋ ಬೆಳಗಿನ ಒಂದು ಗಂಟೆ ಬಿಟ್ಟುಕೊಡುವಂತೆ ಸ್ಥಳೀಯ ಸಂಸ್ಥೆಗಳು ಆದೇಶಿಸಿದರೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ವಿಡಿಯೊಗಳನ್ನು ಸ್ಟುಡಿಯೊದಲ್ಲಿ ಬಣ್ಣದ ಮ್ಯಾಟ್ ಹಾಸಿ ಚಿತ್ರೀಕರಿಸುವುದು ಬೇಡ. ಸಿಮೆಂಟು ನೆಲದ ನಿಜವಾದ ಅಂಗನವಾಡಿಯಲ್ಲಿ, ಮೊದಲ ಸಲ ತಪ್ಪಾಗಿ ಎಸೆಯುವ ಮಕ್ಕಳನ್ನೇ ಪೋಷಕರ ಒಪ್ಪಿಗೆ ಪಡೆದು ತೋರಿಸಬೇಕು, ಏಕೆಂದರೆ ಕಾರ್ಯಕರ್ತೆ ತಿದ್ದಬೇಕಾಗಿರುವುದು ಆ ತಪ್ಪನ್ನೇ. ಕಾರ್ಯಕರ್ತೆಯರ ತಿಂಗಳ ಸಭೆಯಲ್ಲಿ ಮೇಲ್ವಿಚಾರಕಿಯರು ಅರ್ಧ ಗಂಟೆ ಬಿಡುವು ಮಾಡಿಕೊಟ್ಟರೆ, ವಿಡಿಯೊದಲ್ಲಿ ಕಂಡದ್ದನ್ನು ಮೈದಾನದಲ್ಲಿ ಮಾಡಿ ತೋರಿಸಲು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಗೌರವಧನ ಕೇಳುವವರು ನಮ್ಮಲ್ಲಿ ಹೆಚ್ಚು ಮಂದಿ ಇರಲಾರರು. ಬಸ್ ಚಾರ್ಜು ಕೊಟ್ಟರೆ ಸಾಕು.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ತುಮಕೂರು ಜಿಲ್ಲೆ