ಅಂಕಿ ಊರೂರು ಸುತ್ತುತ್ತದೆ, ಅಡಿಟಿಪ್ಪಣಿ ಅಲ್ಲೇ ಉಳಿಯುತ್ತದೆ

ಮಾನ್ಯ ಸಂಪಾದಕರೇ,

ಮಕ್ಕಳ ಆರೋಗ್ಯ, ದುಡಿಮೆ, ಕಲಿಕೆಯ ಬಗ್ಗೆ ಅಂತರರಾಷ್ಟ್ರೀಯ ವರದಿಯೊಂದು ಹೊರಬಿದ್ದ ಮರುದಿನ ಕನ್ನಡ ಪತ್ರಿಕೆಗಳಲ್ಲಿ ಕೋಟಿ ಲೆಕ್ಕದ ತಲೆಬರಹ ಕಾಣಿಸುತ್ತದೆ. ಸಂಜೆಯೊಳಗೆ ಅದು ವಾಟ್ಸ್‌ಆ್ಯಪ್ ಗುಂಪುಗಳಿಗೆ, ಆಮೇಲೆ ಭಾಷಣಗಳಿಗೆ, ಯೋಜನೆಗಳ ಅರ್ಜಿಗಳಿಗೆ ಹೋಗಿ ಕೂರುತ್ತದೆ. ಮೂಲ ವರದಿಯಲ್ಲಿ ಆ ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದ ನಾಲ್ಕು ಸಾಲು ಮಾತ್ರ ದಾರಿಯಲ್ಲೇ ಉದುರಿಹೋಗಿರುತ್ತವೆ. ಇಂಥ ವರದಿಗಳನ್ನು ಕನ್ನಡಕ್ಕೆ ಅನುವಾದಿಸುವ ನಮ್ಮ ಈ ಪತ್ರ ಆ ನಾಲ್ಕು ಸಾಲಿನ ಬಗ್ಗೆ.

ಮೊದಲು ಒಂದು ಉದಾಹರಣೆ. ಮಕ್ಕಳ ಅಪೌಷ್ಟಿಕತೆಯ ಜಾಗತಿಕ ಅಂದಾಜನ್ನು ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ಬ್ಯಾಂಕ್ ಮೂರೂ ಸೇರಿ ಪ್ರಕಟಿಸುತ್ತವೆ. 2020ರ ಆವೃತ್ತಿಯ ಪ್ರಕಾರ 2019ರಲ್ಲಿ ಐದು ವರ್ಷದೊಳಗಿನ 14.4 ಕೋಟಿ ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು. 2021ರ ಆವೃತ್ತಿ 2020ಕ್ಕೆ ಕೊಟ್ಟ ಅಂಕಿ 14.92 ಕೋಟಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ತಲೆಬರಹ ತಾನಾಗಿಯೇ ಹುಟ್ಟುತ್ತದೆ: ಕೋವಿಡ್‌ನ ಒಂದೇ ವರ್ಷದಲ್ಲಿ ಅರ್ಧ ಕೋಟಿ ಹೆಚ್ಚಳ! ಆದರೆ ಆ ಎರಡು ಆವೃತ್ತಿಗಳ ನಡುವೆ ಬದಲಾದದ್ದು ಲೆಕ್ಕ ಹಾಕುವ ವಿಧಾನ. ಹೊಸ ಆವೃತ್ತಿ ದೇಶವಾರು ಲೆಕ್ಕಾಚಾರದ ಮಾದರಿಯೊಂದನ್ನು ಬಳಸಿ ಹಿಂದಿನ ವರ್ಷಗಳನ್ನೂ ಹೊಸದಾಗಿ ಅಂದಾಜು ಮಾಡಿತ್ತು. ಅಷ್ಟೇ ಅಲ್ಲ, ಅಂತರ ಕಾಯುವ ನಿಯಮದಿಂದಾಗಿ 2020ರಲ್ಲಿ ಮಕ್ಕಳ ಎತ್ತರ ಅಳೆಯುವ ಸಮೀಕ್ಷೆಗಳು ಬಹುತೇಕ ನಿಂತೇಹೋಗಿದ್ದವು. ಅಳೆಯದೇ ಇದ್ದ ವರ್ಷದ ಪರಿಣಾಮ ಅಂಕಿಯಲ್ಲಿ ಕಾಣುವುದಾದರೂ ಹೇಗೆ? ಅದೇ 2021ರ ಆವೃತ್ತಿಯೊಳಗೇ ನೋಡಿದರೆ, 2000ದಲ್ಲಿ ಶೇ 33.1 ಇದ್ದದ್ದು 2020ಕ್ಕೆ ಶೇ 22ಕ್ಕೆ ಇಳಿದಿತ್ತು. ಏರಿಳಿತ ಹೇಳಬೇಕಿದ್ದರೆ ಎರಡೂ ಅಂಕಿಗಳನ್ನು ಒಂದೇ ಆವೃತ್ತಿಯಿಂದ ಎತ್ತಿಕೊಳ್ಳಬೇಕು. ಕಳೆದ ವರ್ಷದ ಪತ್ರಿಕೆಯ ತುಣುಕನ್ನು ಈ ವರ್ಷದ ವರದಿಯ ಪಕ್ಕ ಇಡುವುದೇ ಅತಿ ಸಾಮಾನ್ಯ ತಪ್ಪು.

'ಕುಂಠಿತ ಬೆಳವಣಿಗೆ' ಎಂಬ ಮಾತಿನ ಹಿಂದೆ ಒಂದು ಅಳತೆ ಹಲಗೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ಆಯಾ ವಯಸ್ಸಿಗೆ ಒಂದು ನಡುಬೆಲೆ ಇದೆ, ಅಂದರೆ ಅರ್ಧ ಮಕ್ಕಳು ಅದಕ್ಕಿಂತ ಎತ್ತರ, ಅರ್ಧ ಮಕ್ಕಳು ಕುಳ್ಳ. ಅದಕ್ಕಿಂತ ಎರಡು ಪ್ರಮಾಣ ವಿಚಲನೆಗೂ (ಎತ್ತರಗಳು ನಡುಬೆಲೆಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ) ಕೆಳಗಿದ್ದರೆ ಮಗು ಈ ಲೆಕ್ಕಕ್ಕೆ ಬರುತ್ತದೆ. ಎರಡು ವರ್ಷ ತುಂಬಿದ ಗಂಡುಮಗುವನ್ನು ನಿಲ್ಲಿಸಿ ಅಳೆದಾಗ ನಡುಬೆಲೆ 87.1 ಸೆಂ.ಮೀ., ಗಡಿಗೆರೆ 81 ಸೆಂ.ಮೀ. ಅದೇ ಮಗುವನ್ನು ಮಲಗಿಸಿ ಅಳೆದರೆ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ. ಅದಕ್ಕೇ 24 ತಿಂಗಳ ಒಳಗಿನವರನ್ನು ಮಲಗಿಸಿ, ಆಮೇಲಿನವರನ್ನು ನಿಲ್ಲಿಸಿ ಅಳೆಯಬೇಕೆಂಬ ನಿಯಮ. ಹಿಮ್ಮಡಿ ಎದ್ದಿದ್ದರೆ, ಜುಟ್ಟು ಬಿಚ್ಚದಿದ್ದರೆ, ಗಲ್ಲ ಮೇಲಾಗಿದ್ದರೆ ಮಿಲಿಮೀಟರುಗಳು ಜಾರುತ್ತವೆ. ಇವೆಲ್ಲಕ್ಕಿಂತ ದೊಡ್ಡ ತೊಡಕು ವಯಸ್ಸಿನದು. ಹುಟ್ಟಿದ ದಿನ ಗೊತ್ತಿಲ್ಲದೆ '2 ವರ್ಷ' ಎಂದು ದುಂಡಗೆ ಬರೆದುಕೊಂಡರೆ, ತಿಂಗಳಿಗೆ ಹತ್ತಿರಹತ್ತಿರ ಒಂದು ಸೆಂ.ಮೀ. ಬೆಳೆಯುವ ಆ ಪ್ರಾಯದಲ್ಲಿ ಎರಡು ತಿಂಗಳ ಎಡವಟ್ಟೇ ಮಗುವನ್ನು ಗೆರೆಯ ಈಚೆಯಿಂದ ಆಚೆಗೆ ದಾಟಿಸಬಲ್ಲದು. ಒಳ್ಳೆಯ ಸಮೀಕ್ಷೆಗಳು ಇದನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ: ಎತ್ತರದ ಅಂಕಿಗಳಲ್ಲಿ ದಶಾಂಶದ ಮುಂದೆ 0 ಮತ್ತು 5 ಅಗತ್ಯಕ್ಕಿಂತ ಹೆಚ್ಚು ಬಾರಿ ಬಂದಿವೆಯೇ, ವಯಸ್ಸುಗಳು 12, 24, 36 ತಿಂಗಳ ಸುತ್ತ ಗುಂಪುಗಟ್ಟಿವೆಯೇ ಎಂದು. ಆ ಪರೀಕ್ಷೆಯ ಕೋಷ್ಟಕ ವರದಿಯ ಕೊನೆಯ ಅನುಬಂಧದಲ್ಲಿ ಇರುತ್ತದೆ. ನಾವು ಮೊದಲು ತೆರೆಯುವುದು ಆ ಪುಟವನ್ನೇ. ಅದಿಲ್ಲದ ವರದಿ ಎಷ್ಟೇ ಹೊಳಪಿನ ಕಾಗದದಲ್ಲಿದ್ದರೂ ಅನುಮಾನ ಬರುತ್ತದೆ.

ಇನ್ನೊಂದು ಗೊಂದಲ ನಮ್ಮ ಭಾಷೆಯೇ ಹುಟ್ಟುಹಾಕುವಂಥದ್ದು. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದನ್ನೂ ಎತ್ತರಕ್ಕೆ ತಕ್ಕ ತೂಕ ಇಲ್ಲದಿರುವುದನ್ನೂ ನಾವು 'ಅಪೌಷ್ಟಿಕತೆ' ಎಂಬ ಒಂದೇ ಗೂಡೆಗೆ ಹಾಕುತ್ತೇವೆ. ಮೊದಲನೆಯದು ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಕಟ್ಟಿಕೊಂಡದ್ದು. ಎರಡನೆಯದು, ಅಂದರೆ ಕೃಶತೆ, ವಾರಗಳಲ್ಲಿ ಬರಬಹುದು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿರುವ, ಆರು ತಿಂಗಳಿಂದ ಐದು ವರ್ಷದ ನಡುವಿನ ಮಗುವಿಗೆ ಕೂಡಲೇ ಚಿಕಿತ್ಸೆ ಬೇಕು. 2022ಕ್ಕೆ ಕುಂಠಿತ ಬೆಳವಣಿಗೆಯ ಅಂದಾಜು 14.81 ಕೋಟಿ, ಕೃಶತೆಯದು 4.5 ಕೋಟಿ. ಇವೆರಡನ್ನೂ ಕೂಡಿಸಿ '19 ಕೋಟಿ ಮಕ್ಕಳು' ಎಂದು ಬರೆಯುವಂತಿಲ್ಲ, ಏಕೆಂದರೆ ಎರಡೂ ತೊಂದರೆಯಿರುವ ಮಗುವನ್ನು ಎರಡು ಸಲ ಎಣಿಸಿದಂತಾಗುತ್ತದೆ.

ದುಡಿಮೆಯ ಅಂಕಿಗೆ ಬರೋಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ ಅಂದಾಜಿನಂತೆ 2020ರಲ್ಲಿ 16 ಕೋಟಿ ಬಾಲಕಾರ್ಮಿಕರಿದ್ದರು, 2024ಕ್ಕೆ 13.8 ಕೋಟಿ. (ಇಂಗ್ಲಿಷಿನ ಮಿಲಿಯನ್‌ಗೆ ಒಂದು ಸೊನ್ನೆ ಕಳೆದರೆ ಕೋಟಿ. ಈ ಸರಳ ಲೆಕ್ಕದಲ್ಲೇ 160 ಮಿಲಿಯನ್ನು 1.6 ಕೋಟಿಯೋ 160 ಕೋಟಿಯೋ ಆಗಿ ಅಚ್ಚಾಗುವುದುಂಟು.) ಇಲ್ಲಿ ಬಾಲಕಾರ್ಮಿಕ ಎಂದರೆ ಯಾರು? 5ರಿಂದ 11 ವರ್ಷದವರಾದರೆ ವಾರಕ್ಕೆ ಒಂದು ಗಂಟೆ ಆರ್ಥಿಕ ಚಟುವಟಿಕೆ ಸಾಕು. 12ರಿಂದ 14ರವರಿಗೆ ಮಿತಿ 14 ಗಂಟೆ. 15ರಿಂದ 17ರವರು ಅಪಾಯಕಾರಿ ಕೆಲಸದಲ್ಲಿದ್ದರೆ ಅಥವಾ ವಾರಕ್ಕೆ 43 ಗಂಟೆ ಅಥವಾ ಹೆಚ್ಚು ದುಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತಾರೆ. ಅಂದಮೇಲೆ 16 ವರ್ಷದ ಹುಡುಗ ದಿನಕ್ಕೆ ಮೂರು ತಾಸು ಅಂಗಡಿಯಲ್ಲಿ ಕೂತರೆ ಈ ಎಣಿಕೆಯಲ್ಲಿ ಬಾಲಕಾರ್ಮಿಕನಲ್ಲ. 10 ವರ್ಷದವಳು ವಾರಕ್ಕೆ ಎರಡು ತಾಸು ಹೊಲದಲ್ಲಿ ಕಳೆ ಕಿತ್ತರೆ ಹೌದು. ಇದು ಸರಿಯೋ ತಪ್ಪೋ ಎಂದು ವಾದಿಸಬಹುದು, ವಾದಿಸಬೇಕು ಕೂಡ. ಆದರೆ ವ್ಯಾಖ್ಯೆಯನ್ನೇ ಮುದ್ರಿಸದಿದ್ದರೆ ಓದುಗರಿಗೆ ವಾದ ಮಾಡಲು ಹಿಡಿಯೇ ಸಿಗುವುದಿಲ್ಲ.

ಇದೇ ಅಂಕಿಯಲ್ಲಿ ಮರೆಯಾಗಿ ಕೂತ ಇನ್ನೊಂದು ವಿಷಯವಿದೆ. ಸ್ವಂತ ಮನೆಯ ಕಸ, ಮುಸುರೆ, ತಮ್ಮ-ತಂಗಿಯರ ಆರೈಕೆ ಆ 16 ಕೋಟಿಯಲ್ಲಿ ಸೇರಿಲ್ಲ. ಹಾಗಾಗಿ 2020ರ ಲೆಕ್ಕದಲ್ಲಿ ಹುಡುಗರು 9.7 ಕೋಟಿ, ಹುಡುಗಿಯರು 6.3 ಕೋಟಿ. ವಾರಕ್ಕೆ 21 ಗಂಟೆ ಅಥವಾ ಹೆಚ್ಚಿನ ಮನೆಗೆಲಸವನ್ನೂ ಸೇರಿಸಿ ನೋಡಿದಾಗ 5ರಿಂದ 14 ವಯಸ್ಸಿನಲ್ಲಿ ಹುಡುಗ-ಹುಡುಗಿಯರ ಪ್ರಮಾಣದ ನಡುವಿನ ಅಂತರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು ಅದೇ ವರದಿ ಹೇಳಿದೆ. 'ಬಾಲಕಾರ್ಮಿಕರಲ್ಲಿ ಹುಡುಗರೇ ಹೆಚ್ಚು' ಎಂದು ಬರೆದು ಕೈತೊಳೆದುಕೊಂಡರೆ ಪಾತ್ರೆ ತೊಳೆಯುತ್ತಿರುವವಳು ಕಾಣುವುದೇ ಇಲ್ಲ.

ಇನ್ನು ಹಕ್ಕುಗಳ ಪಠ್ಯ. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಅಂಗೀಕರಿಸಿತು. 54 ವಿಧಿಗಳು, 196 ಸದಸ್ಯ ರಾಷ್ಟ್ರಗಳು. ಅಧಿಕೃತ ಪಠ್ಯ ಇರುವುದು ಆರು ಭಾಷೆಗಳಲ್ಲಿ; ಕನ್ನಡದ್ದು ಏನಿದ್ದರೂ ಅನುವಾದ. ಮೂರನೇ ವಿಧಿ ಮಗುವಿನ ಹಿತವು 'ಒಂದು ಪ್ರಧಾನ ಪರಿಗಣನೆ' ಆಗಿರಬೇಕು ಎನ್ನುತ್ತದೆ. ದತ್ತು ಕುರಿತ 21ನೇ ವಿಧಿಯಲ್ಲಿ ಅದೇ ಹಿತ 'ಎಲ್ಲಕ್ಕೂ ಮಿಗಿಲಾದ ಪರಿಗಣನೆ'. ಮೊದಲನೆಯದರಲ್ಲಿ ಬೇರೆ ಹಿತಗಳಿಗೂ ತಕ್ಕಡಿಯಲ್ಲಿ ಜಾಗವಿದೆ, ಎರಡನೆಯದರಲ್ಲಿ ಇಲ್ಲ. ಇಂಗ್ಲಿಷಿನಲ್ಲಿ ಒಂದು ಪುಟ್ಟ ಗುಣವಾಚಿಯೂ ಅದರ ಮುಂದಿನ ಒಂದಕ್ಷರವೂ ಹೊತ್ತ ಈ ವ್ಯತ್ಯಾಸ ಕನ್ನಡಕ್ಕೆ ಬರುವಾಗ 'ಸರ್ವೋಚ್ಚ ಹಿತ' ಎಂಬ ಒಂದೇ ಗಂಭೀರ ಪದದಲ್ಲಿ ಕರಗಿಹೋಗುತ್ತದೆ. ಅನುವಾದಕರು ಆ 'ಒಂದು' ಎಂಬುದನ್ನು ಅನಗತ್ಯವೆಂದು ಹೊಡೆದುಹಾಕುತ್ತಾರೆ. ದಯವಿಟ್ಟು ಬಿಡಿ, ಅದು ಅಲ್ಲಿ ಸುಮ್ಮನೆ ಕೂತಿಲ್ಲ. 12ನೇ ವಿಧಿಯದೂ ಇದೇ ಕತೆ: ಮಗುವಿನ ಮಾತನ್ನು ಕೇಳಬೇಕು ಎಂಬ ಅರ್ಧ ಕನ್ನಡಕ್ಕೆ ಬರುತ್ತದೆ, ಕೇಳಿದ್ದಕ್ಕೆ ವಯಸ್ಸು, ಪ್ರೌಢಿಮೆಗೆ ತಕ್ಕ ತೂಕ ಕೊಡಬೇಕು ಎಂಬ ಉಳಿದರ್ಧ ಬರುವುದಿಲ್ಲ.

ದೀರ್ಘಕಾಲದ ಅಧ್ಯಯನಗಳಿಗೆ ಬೇರೆಯೇ ಅಪಾಯ: ಒಂದು ಜಾಗದ ಫಲಿತಾಂಶವನ್ನು ಎಲ್ಲೆಂದರಲ್ಲಿ ಹೊದಿಸುವುದು. ರುಮೇನಿಯಾದ ಬುಖಾರೆಸ್ಟ್‌ನಲ್ಲಿ ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ 68 ಮಂದಿಯನ್ನು ಚೀಟಿ ಎತ್ತಿದಂತೆ ಆಯ್ದು ಪೋಷಕ ಕುಟುಂಬಗಳಿಗೆ ಕಳಿಸಿ, ಉಳಿದವರೊಂದಿಗೆ ಹೋಲಿಸಿದ ಅಧ್ಯಯನದ ಫಲಿತಾಂಶ 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕುಟುಂಬಕ್ಕೆ ಹೋದವರ ಬುದ್ಧಿಮತ್ತೆ ಸರಾಸರಿಯಲ್ಲಿ ಮೇಲಿತ್ತು, ಬೇಗ ಹೋದವರದು ಇನ್ನೂ ಮೇಲೆ. ಮಹತ್ವದ ಕೆಲಸ, ಅನುಮಾನವಿಲ್ಲ. ಆದರೆ ಇದನ್ನು 'ಎರಡು ವರ್ಷದ ನಂತರ ಏನೂ ಮಾಡಲಾಗದು' ಎಂದು ಹಂಚಿಕೊಳ್ಳುವವರಿದ್ದಾರೆ. ಕೆಲಸಕ್ಕೆ ಹೋಗುವ ತಾಯಂದಿರನ್ನು ಹೆದರಿಸಲು ಬಳಸುವವರೂ ಇದ್ದಾರೆ. ಹಗಲು ಶಿಶುಪಾಲನಾ ಕೇಂದ್ರಕ್ಕೂ, ಒಬ್ಬ ಆಯಾಗೆ ಹತ್ತಾರು ಶಿಶುಗಳನ್ನು ಒಪ್ಪಿಸಿ ಹಗಲಿರುಳೂ ತೊಟ್ಟಿಲಲ್ಲೇ ಬಿಡುತ್ತಿದ್ದ ವ್ಯವಸ್ಥೆಗೂ ಹೋಲಿಕೆಯೇ ಇಲ್ಲ. ಬಾಲ್ಯದ ಪ್ರತಿಕೂಲ ಅನುಭವಗಳ (ಹೊಡೆತ, ನಿರ್ಲಕ್ಷ್ಯ, ಮನೆಯೊಳಗಿನ ಹಿಂಸೆಯಂಥವು) ಹತ್ತು ಪ್ರಶ್ನೆಗಳ ಪಟ್ಟಿಯೂ ಹೀಗೇ ಕೆಟ್ಟಿತು. ಅದರ ಮೂಲವಾದ, 1998ರಲ್ಲಿ ಮೊದಲು ಪ್ರಕಟವಾದ ಅಧ್ಯಯನ ಜನಸಮುದಾಯದ ಮಟ್ಟದ ಸಂಬಂಧ ಹುಡುಕಿತ್ತು. ಈಗ ಅದು 'ನಿಮ್ಮ ಅಂಕ ಎಷ್ಟು?' ಎಂಬ ಆಟವಾಗಿದೆ. ಆ ಅಂಕವನ್ನು ಒಬ್ಬೊಬ್ಬರ ಭವಿಷ್ಯ ಹೇಳಲು ಬಳಸಬೇಡಿ ಎಂದು ಮೂಲ ಸಂಶೋಧಕರಲ್ಲೊಬ್ಬರಾದ ರಾಬರ್ಟ್ ಆಂಡಾ ಅವರೇ 2020ರಲ್ಲಿ ಬರೆಯಬೇಕಾಯಿತು.

ಕೋಷ್ಟಕಗಳಲ್ಲಿನ ಕಂಸಗಳ ಬಗ್ಗೆ ಒಂದು ಮಾತು. ಯುನಿಸೆಫ್ ಬೆಂಬಲದ ಬಹುಸೂಚಕ ಸಮೀಕ್ಷೆಗಳಲ್ಲಿ ಒಂದು ಅಂಕಿ 25ರಿಂದ 49 ಮಂದಿಯ ಮಾಹಿತಿಯನ್ನಷ್ಟೇ ಆಧರಿಸಿದ್ದರೆ ಅದನ್ನು ಕಂಸದಲ್ಲಿ ಕೊಡುತ್ತಾರೆ. 25ಕ್ಕಿಂತ ಕಡಿಮೆಯಿದ್ದರೆ ಅಂಕಿಯೇ ಇಲ್ಲ, ಬರೀ ನಕ್ಷತ್ರ ಚಿಹ್ನೆ. ಪತ್ರಿಕೆಯ ಗ್ರಾಫಿಕ್ಸ್ ಮಾಡುವಾಗ ಅಂದ ಕೆಡುತ್ತದೆಂದು ಕಂಸ ತೆಗೆಯುತ್ತಾರೆ, ಆಮೇಲೆ ಆ ಜಿಲ್ಲೆಯೋ ಪ್ರಾಂತ್ಯವೋ ಪಟ್ಟಿಯ ತುದಿಯಲ್ಲಿ ಕೂತು ಸುದ್ದಿಯಾಗುತ್ತದೆ. ಕಂಸ ಇರಲಿ, ಇಲ್ಲವೇ ಆ ಸಾಲೇ ಬೇಡ.

ಅನುವಾದದ ಪರವಾನಗಿಯ ವಿಷಯ ಚಿಕ್ಕದು, ಆದರೆ ಎಡವುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ಬಹುಪಾಲು ಪ್ರಕಟಣೆಗಳನ್ನು ವಾಣಿಜ್ಯೇತರ ಉದ್ದೇಶಕ್ಕೆ ಅನುವಾದಿಸಿ ಹಂಚಬಹುದು; ಅನುವಾದ ಸಂಸ್ಥೆಯದಲ್ಲ, ಅದರ ನಿಖರತೆಗೆ ಸಂಸ್ಥೆ ಹೊಣೆಯಲ್ಲ, ಮೂಲ ಆವೃತ್ತಿಯೇ ಅಧಿಕೃತ ಎಂಬ ಸಾಲನ್ನು ಸೇರಿಸಬೇಕು, ಸಂಸ್ಥೆಯ ಲಾಂಛನ ಹಾಕುವಂತಿಲ್ಲ. ಮಾರಾಟದ ಪುರವಣಿಗಾದರೆ ಬೇರೆ ಅನುಮತಿ ಬೇಕು. ಹಳೆಯ ಪ್ರಬಂಧ ಹಂಚುವ ಮುನ್ನ ಅದು ಹಿಂತೆಗೆದುಕೊಂಡದ್ದೇ ಎಂದೂ ನೋಡಿ. 12 ಮಕ್ಕಳನ್ನಷ್ಟೇ ಆಧರಿಸಿ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ 1998ರ ಪ್ರಬಂಧವನ್ನು 'ಲ್ಯಾನ್ಸೆಟ್' 2010ರಲ್ಲೇ ಹಿಂತೆಗೆದುಕೊಂಡಿತು. ಅದು ಇಂದಿಗೂ ಹೊಸ ಸುದ್ದಿಯ ವೇಷದಲ್ಲಿ ತಿರುಗುತ್ತಿದೆ.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು: ಇಂಥ ವರದಿ ಪ್ರಕಟಿಸುವಾಗ ಸುದ್ದಿಯ ಬುಡದಲ್ಲಿ ನಾಲ್ಕು ಸಾಲಿನ ಚೌಕ ಇರಲಿ. ಎಷ್ಟು ವಯಸ್ಸಿನವರನ್ನು, ಯಾವ ವರ್ಷ, ಏನೆಂದು ಕರೆದು, ಯಾವ ಬಗೆಯ ಸಮೀಕ್ಷೆಯಿಂದ ಲೆಕ್ಕ ಹಾಕಿದ್ದು, ಮತ್ತು ಅಂದಾಜಿನ ಕೆಳ-ಮೇಲಿನ ಮಿತಿ ಎಷ್ಟು. ಮಕ್ಕಳ ಸಾವಿನ ಕುರಿತ ವಿಶ್ವಸಂಸ್ಥೆಯ ಅಂದಾಜುಗಳಲ್ಲಿ ಈ ಮಿತಿ ಪ್ರತಿ ಅಂಕಿಯ ಪಕ್ಕದಲ್ಲೇ ಇರುತ್ತದೆ, ಎತ್ತಿಕೊಳ್ಳಲು ಅರ್ಧ ನಿಮಿಷವೂ ಬೇಡ. ಜೊತೆಗೆ ಯಾವುದೋ ಮಗುವಿನ ಚಿತ್ರ ಹಾಕಿ ಮುಖ ಮಸುಕುಗೊಳಿಸಿದರೆ ಸಾಲದು. ಊರು, ಶಾಲೆ, ವಯಸ್ಸು, ಕಾಯಿಲೆ ನಾಲ್ಕೂ ಒಟ್ಟಿಗೆ ಬಂದರೆ ಹೆಸರು ಬರೆದಂತೆಯೇ.

ಒಡಂಬಡಿಕೆಯ 42ನೇ ವಿಧಿ ಅದರ ತತ್ವಗಳನ್ನು ದೊಡ್ಡವರಿಗೂ ಮಕ್ಕಳಿಗೂ ತಿಳಿಸಬೇಕೆನ್ನುತ್ತದೆ. ಡಿಜಿಟಲ್ ಜಗತ್ತಿನಲ್ಲಿ ಮಕ್ಕಳ ಹಕ್ಕುಗಳ ಕುರಿತು ಮಕ್ಕಳ ಹಕ್ಕುಗಳ ಸಮಿತಿ 2021ರಲ್ಲಿ ಹೊರಡಿಸಿದ 25ನೇ ಸಾಮಾನ್ಯ ವ್ಯಾಖ್ಯೆಗೆ (ಒಡಂಬಡಿಕೆಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂಬ ವಿವರಣೆ) ಮುನ್ನ 700ಕ್ಕೂ ಹೆಚ್ಚು ಮಕ್ಕಳು, ಯುವಜನರ ಅಭಿಪ್ರಾಯ ಕೇಳಲಾಗಿತ್ತು. ಮಕ್ಕಳಿಗೆಂದೇ ಸರಳ ಆವೃತ್ತಿಯೂ ಬಂತು. ತಮ್ಮ ಮಕ್ಕಳ ಪುಟಕ್ಕೆ ಒಂದು ಅಂಕಿಯನ್ನು ಕೊಡುವ ಮೊದಲು ಅದನ್ನು 12 ವರ್ಷದ ಇಬ್ಬರಿಗೆ ಓದಿಸಿ. ಅವರು ಕೇಳುವ ಮೊದಲ ಪ್ರಶ್ನೆ ಬಹುಶಃ 'ಇಷ್ಟು ಜನರನ್ನು ಎಣಿಸಿದ್ದು ಯಾರು?' ಎಂದಿರುತ್ತದೆ. ಉತ್ತರ: ಯಾರೂ ಎಣಿಸಿಲ್ಲ. 16 ಕೋಟಿಯ ಆ ಅಂದಾಜು ನೂರಕ್ಕೂ ಹೆಚ್ಚು ಮನೆಮನೆ ಸಮೀಕ್ಷೆಗಳಿಂದ ಬಂದದ್ದು. ಜಗತ್ತಿನ 5ರಿಂದ 17 ವಯಸ್ಸಿನವರಲ್ಲಿ ಮೂರನೇ ಎರಡು ಭಾಗವನ್ನು ಅವು ಒಳಗೊಂಡಿದ್ದವು, ಉಳಿದದ್ದು ಲೆಕ್ಕಾಚಾರ. ಎರಡನೆಯ ಪ್ರಶ್ನೆ 'ಮನೆಯೇ ಇಲ್ಲದವರು?' ಎಂದು ಬಂದರೆ ಅದನ್ನೂ ಉತ್ತರದ ಸಮೇತ ಅಚ್ಚು ಹಾಕಿ: ಬೀದಿಯಲ್ಲಿ ಮಲಗುವವರು, ಅನಾಥಾಲಯ, ರಿಮ್ಯಾಂಡ್ ಹೋಮ್‌ಗಳಲ್ಲಿರುವವರು ಮನೆಮನೆ ಸಮೀಕ್ಷೆಯ ಪಟ್ಟಿಯಲ್ಲಿ ಇರುವುದಿಲ್ಲ.

ಇತಿ,
ಮಕ್ಕಳ ಅಧ್ಯಯನ ವರದಿಗಳ ಅನುವಾದಕರು