ಗಣಿತದ 41 ಅಂಕಗಳ ಹಿಂದೆ ನಿಂತವರಿಗೆ

ಈ ಬಾರಿಯ ಸಿಇಟಿಯಲ್ಲಿ ಗಣಿತದಲ್ಲಿ ನನಗೆ 60ಕ್ಕೆ 41 ಅಂಕಗಳು ಬಂದಿವೆ. ಕಳೆದ ವರ್ಷ ಬಂದಿದ್ದು 17. ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆತು, ಪ್ರವೇಶ ಪಡೆದು ಊರಿಗೆ ಮರಳಿದ್ದೇನೆ. ಈ ಒಂದು ವರ್ಷ ನನ್ನ ಕೈಬಿಡದವರಿಗೆ ಎಲ್ಲರೆದುರು ಕೃತಜ್ಞತೆ ಹೇಳದೆ ಹೊರಡಲು ಮನಸ್ಸು ಒಪ್ಪುತ್ತಿಲ್ಲ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನು ಅರ್ಧ, ಸಿಇಟಿ ಅಂಕಗಳನ್ನು ಇನ್ನರ್ಧ ಪರಿಗಣಿಸುತ್ತಾರೆ. ಪಿಯುಸಿಯಲ್ಲಿ ನನಗೆ ಒಳ್ಳೆಯ ಅಂಕಗಳೇ ಇದ್ದವು. ಕೆಳಗೆ ಎಳೆದದ್ದು ಸಿಇಟಿಯ ಗಣಿತ. ಇನ್ನೊಂದು ವರ್ಷ ಮನೆಯಲ್ಲೇ ಕುಳಿತು ಓದುತ್ತೇನೆಂದಾಗ, ಆ ಸಲದ ಗೋವಿನಜೋಳಕ್ಕೆ ಸರಿಯಾದ ಬೆಲೆ ಸಿಗದಿದ್ದರೂ ಅಪ್ಪ ಬೇಡವೆನ್ನಲಿಲ್ಲ. ನೆಂಟರ ಪ್ರಶ್ನೆಗಳಿಗೆಲ್ಲ ಅವ್ವ ತಾನೇ ಉತ್ತರ ಕೊಟ್ಟಳು, ನನ್ನ ಕಿವಿಗೆ ಒಂದನ್ನೂ ಬೀಳಗೊಡಲಿಲ್ಲ.

ನಮ್ಮೂರಿನ ನಿವೃತ್ತ ಪ್ರೌಢಶಾಲಾ ಗಣಿತ ಗುರುಗಳ ಋಣವನ್ನು ಹೇಗೆ ತೀರಿಸಲಿ ಎಂಬುದು ನನಗೆ ತಿಳಿಯದು. ನಾಲ್ಕು ಆಯ್ಕೆಗಳಿದ್ದು ತಪ್ಪು ಉತ್ತರಕ್ಕೆ ಅಂಕ ಕಳೆಯದ ಪರೀಕ್ಷೆಯಲ್ಲಿ, ಏನೂ ಓದದೆ ಗುರುತು ಹಾಕಿದವರಿಗೂ ಸರಾಸರಿ 15 ಅಂಕ ಬರುತ್ತದೆ ಎಂದು ಅವರು ಮೊದಲ ದಿನವೇ ಲೆಕ್ಕ ಹಾಕಿ ತೋರಿಸಿದರು. ಆಮೇಲೆ ಎರಡು ತಿಂಗಳು ಸಿಇಟಿ ಪ್ರಶ್ನೆಪತ್ರಿಕೆಯನ್ನು ಮುಟ್ಟಗೊಡದೆ, ಎಂಟನೆಯ ತರಗತಿಯ ಪುಸ್ತಕದಿಂದ ಭಿನ್ನರಾಶಿ, ಅಪವರ್ತನ, ಆವರಣ ಬಿಡಿಸುವಾಗ ಬದಲಾಗುವ ಚಿಹ್ನೆಗಳು, ಇವನ್ನೇ ಮಾಡಿಸಿದರು. ನನ್ನ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುತ್ತಿದ್ದುದು ಅಲ್ಲಿಯೇ.

ಒಂದು ಸಂಜೆಯ ಪಾಠ ಕಣ್ಣಿಗೆ ಕಟ್ಟಿದಂತಿದೆ. ಎಕ್ಸ್ ಮೈನಸ್ ಒಂದರ ಮಾಡ್ಯುಲಸ್ ಅನ್ನು (ಋಣ ಬೆಲೆ ಬಂದರೂ ಅದನ್ನು ಧನವಾಗಿಯೇ ತೆಗೆದುಕೊಳ್ಳುವುದು) ಸೊನ್ನೆಯಿಂದ ಎರಡರವರೆಗೆ ಇಂಟಿಗ್ರೇಟ್ ಮಾಡುವ ಲೆಕ್ಕ. ನಾನು ಮಾಡ್ಯುಲಸ್ ಚಿಹ್ನೆಯನ್ನು ಲೆಕ್ಕಿಸದೆ ಸೂತ್ರ ಹಾಕಿ ಸೊನ್ನೆ ಎಂದು ಬರೆದೆ. ಗುರುಗಳು ಏನೂ ಹೇಳದೆ, ಜಗುಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಇಂಗ್ಲಿಷಿನ ವಿ ಅಕ್ಷರದಂತಹ ನಕ್ಷೆ ಎಳೆದರು. ಎರಡು ತ್ರಿಭುಜಗಳು, ಒಂದೊಂದಕ್ಕೂ ಪಾದ ಒಂದು, ಎತ್ತರ ಒಂದು, ವಿಸ್ತೀರ್ಣ ಅರ್ಧ. ಉತ್ತರ ಒಂದು. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದ ಇಂಟಿಗ್ರೇಷನ್ ಎಂದರೆ ವಿಸ್ತೀರ್ಣ ಎಂಬುದು ನನಗೆ ಅರ್ಥವಾದದ್ದು ಆ ನೆಲದ ಮೇಲೆ.

ಬೇಸಿಗೆಯ ಹೊತ್ತಿಗೆ ವೇಗದ ಅಭ್ಯಾಸ ಶುರುವಾಯಿತು. 80 ನಿಮಿಷಕ್ಕೆ 60 ಪ್ರಶ್ನೆಗಳೆಂದರೆ ಒಂದಕ್ಕೆ ಸಿಗುವುದು 80 ಸೆಕೆಂಡು ಮಾತ್ರ. ಹಿರೇಕೆರೂರಿನಲ್ಲಿ ಓದುತ್ತಿದ್ದ ಗೆಳೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಖಾಲಿ ಓಎಂಆರ್ ಹಾಳೆಗಳನ್ನೂ ತನ್ನ ಹಣದಲ್ಲೇ ಪ್ರಿಂಟ್ ಹಾಕಿಸಿ ಬಸ್ಸಿನಲ್ಲಿ ಕಳುಹಿಸುತ್ತಿದ್ದ. ಅಕ್ಕ ಗಡಿಯಾರ ಹಿಡಿದು ಎದುರು ಕೂರುತ್ತಿದ್ದಳು. ಸಮಯ ಮುಗಿದೊಡನೆ, ನಾನೆಷ್ಟೇ ಬೇಡಿಕೊಂಡರೂ ಹಾಳೆ ಕಿತ್ತುಕೊಳ್ಳುತ್ತಿದ್ದಳು. ಆ ನಿಷ್ಠುರತೆಗೆ ಇಂದು ತಲೆಬಾಗುತ್ತೇನೆ.

ಫಲಿತಾಂಶ ತೋರಿಸಲು ಹೋದಾಗ ಗುರುಗಳು ಬೆನ್ನು ತಟ್ಟಿ, ಅವ್ವ ಕಳಿಸಿದ್ದ ಸಕ್ಕರೆ ಬಾಯಿಗೆ ಹಾಕಿಕೊಂಡು, ತಪ್ಪಾದ 19 ಪ್ರಶ್ನೆಗಳು ಯಾವುವೆಂದು ಕೇಳಿದರು. ಕಳೆದ ಭಾನುವಾರ ಅದೇ ಜಗುಲಿಯಲ್ಲಿ ಕುಳಿತು 11 ಬಿಡಿಸಿದ್ದೇವೆ. ಉಳಿದ ಎಂಟಕ್ಕೆ, ಕಾಲೇಜು ಆರಂಭವಾಗುವ ಮೊದಲು ಬರಲು ಹೇಳಿದ್ದಾರೆ.